ಅಪ್ ಕಡೆಯ ಪಿನ್

ಇದು ಎಪ್ಪತ್ತೆಂಟರಲ್ಲಿ ನಡೆಯಿತೋ ಎಪ್ಪತ್ತೊಂಬತ್ತರಲ್ಲೋ ನನಗೆ ಖಚಿತವಿಲ್ಲ. ಮಳೆಗಾಲ ಎಂದು ನಾನು ಬಹಳ ಕಾಲ ಹೇಳಿಕೊಂಡು ಬಂದಿದ್ದೆ. ಅಕ್ಕ ಮಾತ್ರ ಅಲ್ಲ ಎನ್ನುತ್ತಾಳೆ. ಅಂಗಳದಲ್ಲಿ ಕಡಲೆ ಒಣಗಲು ಹಾಕಿತ್ತಂತೆ. ಅವಳ ನೆನಪಿನಲ್ಲಿ ಕಡಲೆ ಇದೆ, ನನ್ನದರಲ್ಲಿ ಕೆಸರಿದೆ. ಎರಡರಲ್ಲಿ ಒಂದು ಸುಳ್ಳು. ನಾನು ಹೆಚ್ಚು ಸಲ ಹೇಳಿದ ಭಾಗಗಳೇ ನನಗೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಆದ್ದರಿಂದ ಅವುಗಳ ಮೇಲೆಯೇ ನನಗೆ ಹೆಚ್ಚು ಅನುಮಾನ.

ಆಗ ನಾನು ಸೇಡಂನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ ಬಂದವನು ಎಂಬ ಕಾರಣಕ್ಕೆ ಊರಿನವರು ಕೆಟ್ಟ ರೇಡಿಯೊ, ಕೆಟ್ಟ ಇಸ್ತ್ರಿ ಪೆಟ್ಟಿಗೆಗಳನ್ನು ನನ್ನ ಕೋಣೆಗೆ ತಂದಿಡುತ್ತಿದ್ದರು. ಕೆಲವು ದಿನ ನೋಡಿ ಹಾಗೆಯೇ ವಾಪಸು ಒಯ್ಯುತ್ತಿದ್ದರು. ಅಕ್ಕ ಚಿತ್ತಾಪುರದ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಭಾವ ಚಿಂಚೋಳಿಯ ಮಗ್ಗುಲಿನ ಚಂದಾಪುರದಲ್ಲಿ ಗುಮಾಸ್ತರು, ಶನಿವಾರ ಬಂದು ಸೋಮವಾರ ಹೋಗುವವರು.

ಅಕ್ಕನಿಗೆ ಮದುವೆಗೆ ಮುಂಚೆ ಒಂದು ದೊಡ್ಡ ಜ್ವರ ಬಂದು, ಅದಕ್ಕೆ ಕೊಟ್ಟ ಇಂಜೆಕ್ಷನ್ನುಗಳಿಂದಲೋ ಜ್ವರದಿಂದಲೋ ಕಿವಿ ಮಂದವಾಗಿತ್ತು. ಎದುರು ಕೂತು ಗಟ್ಟಿಯಾಗಿ ಮಾತಾಡಿದರೆ ಕೇಳುತ್ತಿತ್ತು. ಬೆನ್ನ ಹಿಂದಿನ ಲೋಕ ಅವಳಿಗೆ ಇರಲಿಲ್ಲ. ಭಾವ ಯಾರನ್ನೋ ಹಿಡಿದು ಮುಂಬೈಯಿಂದ ಒಂದು ಕಿವಿಯ ಯಂತ್ರ ತರಿಸಿದ್ದರು. ಎರಡು ಬೆಂಕಿಪೆಟ್ಟಿಗೆ ಜೋಡಿಸಿದಷ್ಟು ದಪ್ಪದ ಡಬ್ಬಿ. ಅದರಿಂದ ಒಂದು ಸಣ್ಣ ವೈರು ಹೊರಟು ಕಿವಿಗೆ ಹೋಗುತ್ತಿತ್ತು. ಡಬ್ಬಿಯನ್ನು ಕುಪ್ಪಸಕ್ಕೆ ಸಿಕ್ಕಿಸಿ ತಲೆಯ ಮೇಲೆ ಸೆರಗು ಹೊದ್ದರೆ ಶಾಲೆಯಲ್ಲಿ ಅರ್ಧ ಮಂದಿಗೆ ಅದು ಇರುವುದೇ ಗೊತ್ತಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಲ್ಲಿಯ ಮುಂದೆ ಬಗ್ಗಿ ಕೊಡ ತುಂಬುವಾಗ ಡಬ್ಬಿ ಜಾರಿ ಕೊಡದೊಳಗೆ ಬಿತ್ತು. ಬಿಸಿಲಿಗಿಟ್ಟು ಒಣಗಿಸಿದರು. ಆಮೇಲೆ ಅದು ಮಾತಾಡಲಿಲ್ಲ. ಕಿವಿಯಲ್ಲಿದ್ದ ತುಂಡು ಮತ್ತು ವೈರು ಮಾತ್ರ ಕ್ಷೇಮವಾಗಿ ಉಳಿದವು.

ಇದು ಮಾಮೂಲು ದಿನಗಳಲ್ಲಿ ಆಗಿದ್ದರೆ ಇನ್ನೊಂದನ್ನು ತರಿಸುವವರೆಗೆ ಕಾಯಬಹುದಿತ್ತು. ಆದರೆ ಆ ತಿಂಗಳು ಶಾಲೆಗೆ ಇನ್‌ಸ್ಪೆಕ್ಟರ್ ಬರುವವರಿದ್ದರು, ಮತ್ತು ಟೀಚರ್‌ಗೆ ಕಿವಿ ಕೇಳುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರು. ಪರೀಕ್ಷೆ ಮಾಡಿಯೇ ಹೋಗುತ್ತಾರೆ ಎಂದು ಹೆಡ್‌ಮಾಸ್ತರರು ಅಕ್ಕನಿಗೆ ಮೊದಲೇ ತಿಳಿಸಿದ್ದರು. ಒಳ್ಳೆಯವರು, ಆದರೆ ಒಳ್ಳೆಯತನವನ್ನು ತಿಳಿಸುವುದರಲ್ಲಿಯೇ ಮುಗಿಸುವವರು. ಕೆಲಸ ಹೋದರೂ ಭಾವನ ಸಂಬಳದಲ್ಲಿ ಸಂಸಾರ ನಡೆಯುತ್ತದಲ್ಲ ಎಂದು ನಾನು ಸಮಾಧಾನ ಹೇಳಿದೆ.

"ಮನ್ಯಾಗ ಕುಂತ್ರ ನಾ ಕಿವುಡಿ," ಎಂದಳು ಅಕ್ಕ. "ಸಾಲ್ಯಾಗ ಇದ್ರ ಟೀಚರ್."

ಡಬ್ಬಿಯನ್ನು ನಾನೇ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಪ್ರತಿವರ್ಷ ಆಂಪ್ಲಿಫಯರ್ ಪಾಠ ಮಾಡುತ್ತಿದ್ದೆ. ಒಂದನ್ನೂ ಮಾಡಿರಲಿಲ್ಲ.

ಆಶ್ಚರ್ಯವೆಂದರೆ ಆಂಪ್ಲಿಫಯರ್ ಕಷ್ಟವಾಗಲಿಲ್ಲ. ಕಷ್ಟವಾದದ್ದು ವೈರಿನ ತುದಿ. ಅಲ್ಲಿ ಒಂದು ಪುಟ್ಟ ಪ್ಲಗ್ಗು. ಸಾಲಾಗಿ ಮೂರು ಪಿನ್ನು, ಒಂದು ಮಗ್ಗುಲಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಏಣು. ಆ ಏಣಿನಿಂದಾಗಿ ಅದು ಒಂದೇ ರೀತಿಯಲ್ಲಿ ಒಳಗೆ ಹೋಗುತ್ತಿತ್ತು, ತಿರುಗಿಸಿದರೆ ಹೋಗುತ್ತಿರಲಿಲ್ಲ. ಅದಕ್ಕೆ ಹೊಂದುವ ಸಾಕೆಟ್ಟು ನನಗೆ ಬೇಕಿತ್ತು. ಬಿಡಿಭಾಗಗಳನ್ನು ಕೂರಿಸುವ, ಹಿಂಬದಿಗೆ ತಾಮ್ರ ಹೊದಿಸಿದ ಬೋರ್ಡಿನ ಅಂಚಿನಲ್ಲಿ ಅಡ್ಡ ಮಲಗಿ, ಕಾಲುಗಳನ್ನು ಬೋರ್ಡಿನ ತೂತುಗಳಲ್ಲಿ ಇಳಿಬಿಟ್ಟು, ಬಾಯಿಯನ್ನು ಹೊರಗೆ ತೆರೆದುಕೊಂಡಿರುವಂಥದ್ದು. ಹಳೆಯದು ನೀರು ಕುಡಿದು, ನಾನು ಬಿಚ್ಚುವಾಗ ಎರಡು ಹೋಳಾಗಿತ್ತು. ಪ್ಲಗ್ಗನ್ನು ಕತ್ತರಿಸಿ ವೈರನ್ನೇ ನೇರವಾಗಿ ಅಂಟಿಸಲು ಏನು ಅಡ್ಡಿ ಎಂದು ಓದುವವರು ಕೇಳಬಹುದು. ನಾನೂ ಕೇಳಿಕೊಂಡೆ. ಆ ವೈರಿನ ಒಳಗೆ ಇದ್ದದ್ದು ಸೀರೆಯ ಜರಿಯ ಹಾಗೆ ದಾರಕ್ಕೆ ಸುತ್ತಿದ ತಾಮ್ರದ ತೆಳು ಹಾಳೆ. ಸೋಲ್ಡರ್ ಮಾಡುವ ಕಾದ ಕಡ್ಡಿ ಹತ್ತಿರ ಬಂದರೆ ದಾರ ಸುಟ್ಟುಹೋಗುತ್ತಿತ್ತು.

ಹೈದರಾಬಾದಿಗೆ ಹೋದೆ. ಅಲ್ಲಿನ ರೇಡಿಯೊ ಅಂಗಡಿಗಳಲ್ಲಿ ಪ್ರತಿಯೊಬ್ಬನೂ ಪ್ಲಗ್ಗನ್ನು ನೋಡಿ, ಇದೇ ಇದೇ ಎಂದು ಒಳಗೆ ಹೋಗಿ ಬೇರೆ ಏನನ್ನೋ ತಂದ. ಒಬ್ಬನದು ದೊಡ್ಡದು. ಒಬ್ಬನದಕ್ಕೆ ಐದು ತೂತು. ಎರಡನ್ನು ಬಿಟ್ಟುಬಿಡಿ ಎಂದ. ಇನ್ನೊಬ್ಬ, ಪ್ಲಗ್ಗನ್ನೇ ಬದಲಾಯಿಸಿ, ಅದು ತಪ್ಪಿದೆ ಎಂದ. ಸಾಯಂಕಾಲದ ಗಾಡಿಗೆ ಬರಿಗೈಯಲ್ಲಿ ಮರಳಿದೆ.

ಆಗ ಯಾರೋ ವಾಡಿಯ ಚಾಚಾನ ಹೆಸರು ಹೇಳಿದರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು, ಬಿಡುವಿನಲ್ಲಿ ಕ್ವಾರ್ಟರ್ಸಿನ ಕಿಟಕಿಯ ಬಳಿ ಕೂತು ರೇಡಿಯೊ ರಿಪೇರಿ ಮಾಡುವವರು. ಊರಿಗೆಲ್ಲ ಚಾಚಾ ಆದ್ದರಿಂದ ನನಗೂ ಚಾಚಾ. ಪ್ಲಗ್ಗನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, "ಗಂಡು ಚೊಲೊ ಅದ. ಹೆಣ್ಣು ನೋಡೋಣು," ಎಂದರು. ಪಿನ್ನಿನದು ಗಂಡು, ತೂತಿನದು ಹೆಣ್ಣು. ಆ ಕೆಲಸದವರೆಲ್ಲ ಹಾಗೆಯೇ ಅನ್ನುವುದು. ಚಾಚಾ ಅದನ್ನು ಸ್ವಲ್ಪ ಹೆಚ್ಚಾಗಿ ಮನಸ್ಸಿಗೆ ಹಚ್ಚಿಕೊಂಡಿದ್ದರು.

ಬೋರ್ಡು ಮಾಡಲು ನನಗೆ ಇನ್ನೊಂದು ಸಂಗತಿ ಗೊತ್ತಾಗಬೇಕಿತ್ತು. ಮೂರು ಪಿನ್ನುಗಳಲ್ಲಿ ಒಂದು ಉಳಿದೆರಡಕ್ಕೂ ಸೇರಿದ್ದು. ಅದಕ್ಕೆ ಕಾಮನ್ ಎನ್ನುತ್ತಾರೆ. ಬಹುಮಟ್ಟಿಗೆ ಅದು ನಡುವಿನದಾಗಿರುತ್ತದೆ. ಇದನ್ನು ಮಾಡಿದವರಿಗೆ ಏನೆನಿಸಿತ್ತೋ, ಒಂದು ತುದಿಯದನ್ನು ಕಾಮನ್ ಮಾಡಿದ್ದರು. ಯಾವ ತುದಿ ಎಂದು ತಿಳಿಯದೆ ಬೋರ್ಡಿನ ಮೇಲೆ ತಾಮ್ರದ ದಾರಿಗಳನ್ನು ಎಳೆಯುವಂತಿರಲಿಲ್ಲ. ಚಾಚಾ ಪ್ಲಗ್ಗನ್ನು ಮೇಜಿನ ಮೇಲಿಟ್ಟು, ಮೀಟರಿನ ಕಡ್ಡಿಗಳನ್ನು ಒಂದೊಂದೇ ಪಿನ್ನಿಗೆ ಮುಟ್ಟಿಸಿ, ಮುಳ್ಳು ನೋಡಿ ಹೇಳಿದರು:

"ಕಾಮನ್ ಅಪ್ ಕಡಿಂದ್ ಅದ ನೋಡ್ರಿ, ಸರ್."

ನಾನು ಅಪ್ ಎಂದು ಬರೆದುಕೊಂಡೆ. ಸೇಡಂಗೆ ಹೋಗಿ, ಬೋರ್ಡು ಡಬ್ಬಿಯಲ್ಲಿ ಹೇಗೆ ನಿಲ್ಲುತ್ತದೋ ಹಾಗೆ ನೆಟ್ಟಗೆ ಹಿಡಿದು, ಮೇಲಿನ ತುದಿಗೆ ಕಾಮನ್ ಬರುವಂತೆ ಎನಾಮಲ್ ಬಣ್ಣದಲ್ಲಿ ದಾರಿ ಬರೆದೆ. ಕಾಲೇಜಿನ ರಸಾಯನಶಾಸ್ತ್ರದವರ ಹತ್ತಿರ ದ್ರಾವಣ ಕೇಳಿ ತಂದು ಉಳಿದ ತಾಮ್ರವನ್ನು ಕರಗಿಸಿದೆ. ದ್ರಾವಣ ಅಷ್ಟಕ್ಕೇ ಮುಗಿಯಿತು. ಅವರೂ ಇನ್ನು ಕೇಳಬೇಡಿ ಎಂದರು.

ಹೆಣ್ಣು ಶಹಾಬಾದಿನಲ್ಲಿ ಸಿಕ್ಕೀತು ಎಂದು ಚಾಚಾ ಹೇಳಿ ಕಳಿಸಿದರು. ಅಲ್ಲಿ ಭಂಗಾರದ ಅಂಗಡಿಯೊಂದಕ್ಕೆ ಎಲ್ಲಿಯದೋ ಹಳೆಯ ಯಂತ್ರಗಳು ಬಂದಿವೆಯಂತೆ. ನಮ್ಮ ಕಡೆ ಹಳೆಯ ಕಬ್ಬಿಣ, ಮುರುಕು ಸಾಮಾನಿಗೆ ಭಂಗಾರ ಎನ್ನುತ್ತಾರೆ. ಚಿನ್ನಕ್ಕೂ ಅದಕ್ಕೂ ಇರುವುದು ಒಂದು ಮಹಾಪ್ರಾಣದ ಅಂತರ. ರೈಲಿನ ಸದ್ದಿನಲ್ಲಿ ಮಹಾಪ್ರಾಣ ಉಳಿಯುವುದಿಲ್ಲ. ವಾಡಿಯಿಂದ ಶಹಾಬಾದಿಗೆ ಹೋಗುವ ಪ್ಯಾಸೆಂಜರಿನಲ್ಲಿ ನಮ್ಮ ಎದುರು ಕೂತಿದ್ದ, ರುಮಾಲು ಸುತ್ತಿದ ಗುಂಡಗುರ್ತಿ ಕಡೆಯ ಹಿರಿಯರು ನಮ್ಮ ಮಾತನ್ನು ಸ್ವಲ್ಪ ಹೊತ್ತು ಕೇಳಿ, ಎಲ್ಲಿಗೆ ಹೊಂಟೀರಿ ಎಂದು ವಿಚಾರಿಸಿದರು.

"ಹೆಣ್ಣು ನೋಡ್ಲಿಕ್ಕ ಹೊಂಟೀವ್ರಿ," ಎಂದರು ಚಾಚಾ.

"ಎಲ್ಲಿ ಹೆಣ್ಣು?"

"ಶಹಾಬಾದಿಂದು. ಭಂಗಾರದ ಅಂಗಡ್ಯಾಗ ಅದ ಅಂತ ಸುದ್ದಿ ಬಂದದ."

ಹಿರಿಯರು ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದರು. "ಬಂಗಾರದ ಅಂಗಡಿ ಮಂದಿ ಅಂದ್ರ ಅನುಕೂಲಸ್ಥರು. ಬಿಡಬ್ಯಾಡ್ರಿ. ಗಂಡು ಇವರೇನು?"

"ಅಲ್ರಿ. ಗಂಡು ಪರದೇಶದಾಂವ. ಇವರ ಅಕ್ಕನ ಮನ್ಯಾಗ ಇರ್ತಾನ."

"ಮತ್ತ ಇಷ್ಟು ದಿನ ಯಾಕ ಕೂಡಿ ಬಂದಿಲ್ಲ?"

"ಮೂರು ಕಾಲು ಅವ್ರಿ ಅವಗ," ಎಂದರು ಚಾಚಾ, ಕಿಟಕಿಯ ಹೊರಗೆ ನೋಡುತ್ತ.

ಶಹಾಬಾದಿನಲ್ಲಿ ನಾವು ಇಳಿಯುವಾಗ ಹಿರಿಯರು ನನ್ನ ತೋಳು ಮುಟ್ಟಿ, "ನೋಡಿ ಮಾಡ್ರಿ," ಎಂದರು. ನಾವು ಹೋದದ್ದು ಅಪ್ ಗಾಡಿಯಲ್ಲಿ. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಭಂಗಾರದ ಅಂಗಡಿ ಎಂದರೆ ಶಹಾಬಾದಿ ಕಲ್ಲಿನ ಗೋಡೆಯ ಒಂದು ಹಿತ್ತಿಲು. ಹರಿದ ಬೆಲ್ಟುಗಳು, ಮೋಟರಿನ ಹೊಟ್ಟೆಗಳು, ಒಂದು ಮೂಲೆಯಲ್ಲಿ ಬೂದು ಬಣ್ಣದ ಪೆಟ್ಟಿಗೆಗಳು. ಅವು ಮೊದಲು ಏನಾಗಿದ್ದವೋ ಮಾರುವವನಿಗೂ ತಿಳಿಯದು. ಮಧ್ಯಾಹ್ನದವರೆಗೆ ಕೆದಕಿದೆವು. ಕಡೆಗೆ ಒಂದು ಬೋರ್ಡಿನ ಅಂಚಿನಲ್ಲಿ ಅದು ಇತ್ತು: ಮೂರು ತೂತು, ಪ್ಲಗ್ಗಿನ ಏಣು ಕೂರುವಂತೆ ಒಂದು ತೋಡು. ಚಾಚಾ ಕಿಸೆಯಿಂದ ಪ್ಲಗ್ಗು ತೆಗೆದು ಒತ್ತಿದರು. ಟಕ್ ಎಂದು ಕೂತಿತು. ಅವರು ಪ್ಲಗ್ಗನ್ನು ಹಿರಿದು, ಇನ್ನೊಮ್ಮೆ ಒತ್ತಿದರು.

ಅದೊಂದನ್ನು ಕಿತ್ತು ಕೊಡು ಎಂದರೆ ಅಂಗಡಿಯವನು ಒಪ್ಪಲಿಲ್ಲ. ಅವನದು ಎಲ್ಲ ತೂಕದ ಲೆಕ್ಕ. ಅಷ್ಟು ಸಣ್ಣದು ತಕ್ಕಡಿಯಲ್ಲಿ ಏಳುವುದೇ ಇಲ್ಲ. ಚಾಚಾ ಅವನಿಗೂ ಗಂಡು ಹೆಣ್ಣಿನ ಕಥೆ ಹೇಳಿ ಮೆತ್ತಗೆ ಮಾಡಲು ನೋಡಿದರು. ಅವನು ಕೇಳಿ, "ನಮ್ಮ ಹೆಣ್ಣು ಒಬ್ಬಾಕಿನ್ನ ಕಳಸಂಗಿಲ್ರಿ. ಮನಿಮಂದಿನ್ನೆಲ್ಲ ಕರಕೊಂಡು ಹೋಗ್ರಿ," ಎಂದು ಇಡೀ ಪೆಟ್ಟಿಗೆಯನ್ನು ತಕ್ಕಡಿಗೆ ಹಾಕಿದ. ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಸ್ಟೇಷನ್ನಿಗೆ ನಡೆದೆವು.

ಇನ್‌ಸ್ಪೆಕ್ಟರ್ ಬರುವುದು ಆ ವಾರದಲ್ಲಿಯೇ ಎಂದು ಅಷ್ಟರಲ್ಲಿ ಗೊತ್ತಾಗಿತ್ತು. ಆದ್ದರಿಂದ ಚಾಚಾ ನನ್ನ ಜೊತೆಗೇ ಚಿತ್ತಾಪುರಕ್ಕೆ ಬಂದರು. ಅಕ್ಕನ ಮನೆಯ ನಡುಮನೆಯಲ್ಲಿ ಕೂತು ಸಾಕೆಟ್ಟನ್ನು ಬೋರ್ಡಿಗೆ ಕೂರಿಸಿದೆವು. ಡಬ್ಬಿಗಾಗಿ ನಾನು ಪ್ರಯಾಣದ ಸೋಪಿನ ಪೆಟ್ಟಿಗೆಯೊಂದನ್ನು ತಂದಿದ್ದೆ. ಕಾದ ಸೂಜಿಯಿಂದ ಅದರ ಮುಚ್ಚಳಕ್ಕೆ ಮೈಕಿನ ತೂತುಗಳನ್ನು ಮಾಡಿದ್ದೆ. ಸೆಲ್ ಹಾಕಿ, ಪ್ಲಗ್ಗು ಒತ್ತಿ, ಅಕ್ಕನ ಕಿವಿಗೆ ಇಟ್ಟೆವು. ಮಾತಾಡಿದೆ. ಡಬ್ಬದೊಳಗೆ ನೊಣ ಇದ್ದ ಹಾಗೆ ಕೇಳುತ್ತದೆ ಎಂದಳು.

ಚಾಚಾ ಬೋರ್ಡನ್ನು ಬೆಳಕಿಗೆ ಹಿಡಿದು ದಾರಿಗಳನ್ನು ನೋಡಿದರು. "ಕಾಮನ್ ಡೌನ್ ಕಡಿಗಿ ಯಾಕ ಕೊಟ್ಟೀರಿ?"

"ಅಪ್ ಅಂದ್ರಲ್ಲ ನೀವು. ಮ್ಯಾಲೆ ಕೊಟ್ಟೀನಿ."

"ಅಪ್ ಅಂದ್ರ ಮ್ಯಾಲ ಹ್ಯಾಂಗ ಆಗ್ತದ್ರಿ? ಅಪ್ ಅಂದ್ರ ಮುಂಬೈ ಕಡಿ."

ಅವರ ಮೇಜು ರೈಲು ದಾರಿಗೆ ಸಮನಾಗಿತ್ತು. ಅವರು ಕೂತರೆ ಎಡಗೈ ಕಡೆ ಮುಂಬೈ, ಬಲಗೈ ಕಡೆ ಮದ್ರಾಸು. ಅವರ ಎಡಗೈ ಕಡೆಯ ಪಿನ್ನು ನನ್ನ ಬೋರ್ಡಿನಲ್ಲಿ ಕೆಳಗಿನ ತುದಿಗೆ ಬರುತ್ತಿತ್ತು. ಆಯುಷ್ಯವೆಲ್ಲ ಹಳಿಯ ಮಗ್ಗುಲಲ್ಲಿ ಕಳೆದವರಿಗೆ ಎಡ ಬಲ ಎಂಬ ಮಾತು ಉಳಿದಿರಲಿಲ್ಲ. ಅವರ ಮನೆಯಲ್ಲಿ ಉಪ್ಪಿನ ಡಬ್ಬಿ ಅಪ್ ಕಡೆ ಇರುತ್ತಿತ್ತು, ನೀರಿನ ಹೂಜಿ ಡೌನ್ ಕಡೆ. ಹೆಂಡತಿಯೂ ಹಾಗೆಯೇ ಅನ್ನುತ್ತಿದ್ದರು. ಅದು ವಾಡಿಯ ಕ್ವಾರ್ಟರ್ಸಿನ ಭಾಷೆ. ಪ್ರಪಂಚದಲ್ಲಿ ಅಪ್ ಎಂದರೆ ಮೇಲೆ ಎಂದು ನಾನು ವಾದಿಸಿದೆ.

"ಸೇಡಂದಾಗ ಇರಬಹುದ್ರಿ," ಎಂದರು ಚಾಚಾ.

ಹೊಸ ಬೋರ್ಡು ಮಾಡಲು ದ್ರಾವಣವಿರಲಿಲ್ಲ. ಸಾಕೆಟ್ಟನ್ನು ತಿರುಗಿಸಿ ಹಾಕಿದರೆ ಅದರ ಬಾಯಿ ಡಬ್ಬಿಯ ಒಳಗಡೆಗೆ ಆಗುತ್ತಿತ್ತು. ತಾಮ್ರದ ದಾರಿಗಳನ್ನು ಬ್ಲೇಡಿನಿಂದ ಕತ್ತರಿಸಿ, ಎರಡು ತುಂಡು ವೈರುಗಳನ್ನು ಅಡ್ಡ ಹಾಯಿಸಿದೆ. ಅವು ಮೈಕಿನ ವೈರಿನ ಮೇಲೆಯೇ ಹಾದುಹೋದವು. ಸ್ವಿಚ್ಚು ಹಾಕಿದೊಡನೆ, ನೆಲದ ಮೇಲಿದ್ದ ಕಿವಿಯ ತುಂಡು ಸಿಳ್ಳೆ ಹೊಡೆಯತೊಡಗಿತು. ನಾನೂ ಚಾಚಾನೂ ಕಿವಿ ಮುಚ್ಚಿಕೊಂಡೆವು. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು. ಅಕ್ಕ ನಮ್ಮಿಬ್ಬರನ್ನೂ ನೋಡಿ, ನಾಯಿಗೆ ಏನಾಯಿತು ಎಂದು ಕೇಳಿದಳು. ವೈರುಗಳನ್ನು ಕಿತ್ತು ದಾರಿಗಳನ್ನು ಮತ್ತೆ ಜೋಡಿಸಿ, ಸಾಕೆಟ್ಟನ್ನೂ ಬಿಚ್ಚಿಟ್ಟೆ.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಸಾಕೆಟ್ಟನ್ನು ಬೋರ್ಡಿನ ಹಿಂದಿನಿಂದ, ತಾಮ್ರದ ಮಗ್ಗುಲಿನಿಂದ ಕೂರಿಸಿದರೆ ಬಾಯಿ ಹೊರಗೇ ಇದ್ದು ತುದಿಗಳು ಮಾತ್ರ ಅದಲುಬದಲಾಗುತ್ತವೆ ಎಂದು ಹೇಳಿದವನು ನಾನೇ ಎಂದು ನನಗೆ ನೆನಪು. ಹೇಳಿದ ಮೇಲೆ ಎಲ್ಲರೂ ಸುಮ್ಮನಾದದ್ದೂ ನೆನಪು. ಚಾಚಾ ವಾಡಿಯಲ್ಲಿ ಕಂಡವರಿಗೆಲ್ಲ ಅದು ತಮ್ಮ ಉಪಾಯ ಎಂದು ಹೇಳುತ್ತಿದ್ದರಂತೆ. ಅವರ ನೆನಪಿನಲ್ಲೂ ಎಲ್ಲರೂ ಸುಮ್ಮನಾಗಿದ್ದರು. ಅಕ್ಕ ಇಬ್ಬರ ಮಾತನ್ನೂ ಒಪ್ಪುವುದಿಲ್ಲ.

"ನೀವಿಬ್ರೂ ರೊಟ್ಟಿ ತಿನ್ಲಿಕತ್ತಿದ್ರಿ," ಎನ್ನುತ್ತಾಳೆ. "ಬೋರ್ಡು ಉಲ್ಟಾ ಬಿದ್ದಿತ್ತು. ಸಾಕೆಟ್ ಕಳೀಬಾರದಂತ ನಾನೇ ಅದರ ತೂತಿನ್ಯಾಗ ಸಿಗಿಸಿಟ್ಟಿದ್ದೆ. ಕೈ ತೊಳಕೊಂಡು ಬಂದು ನೋಡಿ ಇಬ್ರೂ ಒಮ್ಮೆಲೆ ಹಾಂ ಅಂದ್ರಿ."

ಹೇಗಾದರೂ ಆಗಲಿ, ಉಲ್ಟಾ ಕೂರಿಸಿದೆವು. ಸೋಲ್ಡರ್ ಮಾಡಲು ಜಾಗ ಸಾಲದೆ ಸಾಕೆಟ್ಟನ್ನು ತುಸು ಎತ್ತಿ ನಿಲ್ಲಿಸಬೇಕಾಯಿತು. ಸೋಪಿನ ಪೆಟ್ಟಿಗೆಯ ಮುಚ್ಚಳದಲ್ಲಿ ಪ್ಲಗ್ಗಿಗಾಗಿ ನಾನು ಕೊರೆದಿದ್ದ ಕಿಂಡಿ ವ್ಯರ್ಥವಾಗಿ, ತಳದ ಕಡೆ ಇನ್ನೊಂದು ಕೊರೆದೆವು. ಹೀಗಾಗಿ ವೈರು ಡಬ್ಬಿಯ ಮುಂದಿನಿಂದ ಬರದೆ ಬೆನ್ನಿನಿಂದ, ಮೈಗೆ ಹತ್ತಿ ಹೊರಟಿತು. ಸೆರಗಿನ ಅಡಿಯಲ್ಲಿ ಅದು ಎಲ್ಲಿಯೂ ಕಾಣುತ್ತಿರಲಿಲ್ಲ. ಇದೂ ತಮ್ಮ ಯೋಜನೆಯಲ್ಲಿತ್ತು ಎಂದು ಚಾಚಾ ಹೇಳಿಲ್ಲ. ನಾನು ಒಂದೆರಡು ಸಲ ಹೇಳಿದ್ದೇನೆ.

ಇನ್‌ಸ್ಪೆಕ್ಟರ್ ಬಂದ ದಿನ ನಾನು ರಜೆ ಹಾಕಿ ಶಾಲೆಯ ಹೊರಗಿನ ಬೇವಿನ ಮರದ ಕೆಳಗೆ ನಿಂತಿದ್ದೆ. ಒಳಗೆ ನಡೆದದ್ದನ್ನು ಕಿಟಕಿಯಿಂದ ನೋಡಿದೆ ಎಂದು ಹೇಳುತ್ತ ಬಂದಿದ್ದೇನೆ. ಆ ಗೋಡೆಗೆ ಕಿಟಕಿಯೇ ಇಲ್ಲ ಎಂದು ಅಕ್ಕ ಹೇಳಿದ ಮೇಲೆ ಹೇಳುವುದನ್ನು ಬಿಟ್ಟೆ. ಆದ್ದರಿಂದ ಇದು ಅಕ್ಕ ಮತ್ತು ಹೆಡ್‌ಮಾಸ್ತರರಿಂದ ಕೇಳಿದ್ದು. ಅಕ್ಕ ಹಲಗೆಯ ಮೇಲೆ ಏನೋ ಬರೆಯುತ್ತಿದ್ದಳು. ಇನ್‌ಸ್ಪೆಕ್ಟರ್ ಮಕ್ಕಳ ಹಿಂದೆ, ಕೋಣೆಯ ಕೊನೆಯಲ್ಲಿ ನಿಂತಿದ್ದರು. ದನಿ ತಗ್ಗಿಸಿ, "ಟೀಚರ್ ಬಾಯಾರ, ಕುಡಿಲಿಕ್ಕ ನೀರು ಸಿಗ್ತದೇನ್ರಿ?" ಎಂದರು. ಅಕ್ಕ ಬರೆಯುವುದನ್ನು ನಿಲ್ಲಿಸದೆ, "ಕೊಡದಾಗ ಅದರಿ, ತಗೋರಿ," ಎಂದಳು. ಅವರು ಕೊಡದಿಂದ ತಾವೇ ನೀರು ತೆಗೆದುಕೊಂಡು ಕುಡಿದು, ಮುಂದಿನ ಕೋಣೆಗೆ ಹೋದರು. ಆಮೇಲೆ ಅಕ್ಕನ ಕಿವಿಯ ಮಾತು ಇಲಾಖೆಯಲ್ಲಿ ಏಳಲಿಲ್ಲ.

ಕೆಲವು ದಿನ ನಾನು ಸೇಡಂನಲ್ಲಿ ಸ್ವಲ್ಪ ಎದೆಯುಬ್ಬಿಸಿ ಓಡಾಡಿದೆ. ಆಮೇಲೆ ಒಂದು ಸಂಜೆ ಚಿತ್ತಾಪುರದಲ್ಲಿ ಚಹಾ ಕುಡಿಯುತ್ತ ಹೆಡ್‌ಮಾಸ್ತರರು ಒಂದು ಮಾತು ಹೇಳಿದರು. ಡಬ್ಬಿ ಕೆಟ್ಟಿದ್ದ ವಾರಗಳಲ್ಲಿ ಅಕ್ಕನಿಗೆ ಮಕ್ಕಳೇ ಕಿವಿಯಾಗಿದ್ದರಂತೆ. ಹಿಂದಿನಿಂದ ಯಾರಾದರೂ ಕರೆದರೆ ಮುಂದಿನ ಸಾಲಿನವರು ತಲೆ ಮುಟ್ಟಿಕೊಂಡು ಸನ್ನೆ ಮಾಡುತ್ತಿದ್ದರು. ನೀರಿಗೆ ಸನ್ನೆ ಏನು ಎಂದು ನಾನು ಕೇಳಲಿಲ್ಲ. ಹೆಬ್ಬೆರಳನ್ನು ತುಟಿಗೆ ಒಯ್ದರೆ ಯಾರಿಗಾದರೂ ತಿಳಿಯುತ್ತದೆ. ಆ ದಿನ ಅಕ್ಕ ಹಲಗೆಗೆ ಮುಖ ಮಾಡಿದ್ದಳೋ ಅಥವಾ ಅರ್ಧ ತಿರುಗಿದ್ದಳೋ ಎಂದರೆ ಹೆಡ್‌ಮಾಸ್ತರರಿಗೆ ಖಾತ್ರಿ ಇರಲಿಲ್ಲ. ಅಕ್ಕನನ್ನೇ ಕೇಳಿದೆ: ಡಬ್ಬಿಯಲ್ಲಿ ಕೇಳಿತೋ, ಮಕ್ಕಳು ತೋರಿಸಿದರೋ?

"ಸಾಹೇಬ್ರು ನೀರು ಕುಡದ್ರು ಹೌದಿಲ್ಲೋ?" ಎಂದು ಅವಳು ಒಳಗೆ ಹೋದಳು.

ಅವಳಿಗೆ ಅಷ್ಟು ಸಾಕಿತ್ತು. ನನಗೆ ಸಾಲಲಿಲ್ಲ. ಆ ಡಬ್ಬಿ ನಿಜವಾಗಿ ಕೆಲಸ ಮಾಡಿತೋ ಅಥವಾ ನಾವೆಲ್ಲ ಹೆಣ್ಣು ಹುಡುಕುತ್ತ ತಿರುಗಿದ್ದು ಮಕ್ಕಳ ಹೆಬ್ಬೆರಳಿನ ಮುಂದೆ ದಂಡವೋ ಎಂಬುದು ವರ್ಷಗಟ್ಟಲೆ ಕೊರೆಯಿತು. ಎಂಬತ್ತರ ದಶಕ ಅರ್ಧ ಕಳೆದ ಮೇಲೆ ಭಾವ ಕಿವಿಯ ಹಿಂದೆಯೇ ಕೂರುವ ಹೊಸ ಯಂತ್ರ ತರಿಸಿದರು. ಸೋಪಿನ ಪೆಟ್ಟಿಗೆ ಗೋಡೆಯ ಮಾಡಕ್ಕೆ ಸೇರಿತು. ಒಂದು ರಜೆಯ ದಿನ ಹೋಗಿ ಅದನ್ನು ಕೆಳಗಿಳಿಸಿ, ಹೊಸ ಸೆಲ್ ಹಾಕಿ, ಕಿವಿಯದನ್ನು ತೆಗೆದಿಟ್ಟು ಇದನ್ನು ಒಮ್ಮೆ ಕಟ್ಟಿಕೊ ಎಂದೆ. ಯಾಕೆ ಎಂದು ಕೇಳದೆ ಕಟ್ಟಿಕೊಂಡು, ಗೋಡೆಗೆ ಮುಖ ಮಾಡಿ ಬೇಳೆ ಆರಿಸುತ್ತ ಕೂತಳು.

ಮೊದಲು ಸ್ವಿಚ್ಚು ಹಾಕಲಿಲ್ಲ. ಬಾಗಿಲ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ನೀರು ಕೇಳಿದೆ. ಬೇಳೆ ಆರಿಸುತ್ತಲೇ ಇದ್ದಳು. ವಾಪಸು ಬಂದು, ಕ್ಲಿಪ್ ಸರಿ ಮಾಡುವ ನೆಪದಲ್ಲಿ ಸ್ವಿಚ್ಚು ಹಾಕಿ, ಮತ್ತೆ ಅದೇ ಜಾಗಕ್ಕೆ ಹೋಗಿ ನಿಂತೆ. ನೀರು ಕೇಳಿದರೆ ಊಹಿಸಿಯಾಳು ಎಂದು ಪ್ರಶ್ನೆ ಬದಲಾಯಿಸಿದೆ. ವಾಡಿಯಿಂದ ಮುಂಬೈಗೆ ಹೋಗುವ ಗಾಡಿ ಅಪ್ಪೋ, ಡೌನೋ ಎಂದು ಅದೇ ತಗ್ಗಿದ ದನಿಯಲ್ಲಿ ಕೇಳಿದೆ.

"ಅಪ್," ಎಂದಳು ಅಕ್ಕ, ತಿರುಗದೆ. "ನಿನಗ ಇನ್ನೂ ತಲಿಗಿ ಹೋಗಿಲ್ಲೇನು?"

ಕೋಣೆಯಲ್ಲಿ ಮಕ್ಕಳು ಯಾರೂ ಇರಲಿಲ್ಲ. ಬಾಗಿಲ ಹಿಂದೆಯೂ ನೋಡಿದ್ದೆ.